ಮೋಟಾರ್‌ಸೈಕಲ್ಲಿನ ವಿದ್ಯುತ್ತಿನಿಂದ ಜಿಪಿಎಸ್ ಸಾಧನವನ್ನು ನಡೆಸುವ ಸುರಕ್ಷಿತ ವಿಧಾನ

ಅಧ್ಯಯನ ಪಾಠ: ಗ್ರಾಮ ಪಂಚಾಯತಿ ಸದಸ್ಯರಿಗಾಗಿ



ಗ್ರಾಮ ಪಂಚಾಯತಿಯ ಕೆಲಸಗಳು ಇಂದು ಕಡತದಲ್ಲಿ ಮಾತ್ರವಲ್ಲದೆ ನಕ್ಷೆಯ ಮೇಲೆಯೂ ದಾಖಲಾಗುತ್ತಿವೆ. ನರೇಗಾ ಕಾಮಗಾರಿ ಆರಂಭವಾಗುವ ಮುನ್ನ, ನಡೆಯುತ್ತಿರುವಾಗ ಹಾಗೂ ಮುಗಿದ ಮೇಲೆ ಅಕ್ಷಾಂಶ-ರೇಖಾಂಶ ಸಹಿತವಾದ ಛಾಯಾಚಿತ್ರ ತೆಗೆಯುವ ಪದ್ಧತಿ 2017ರ ನವೆಂಬರ್‌ನಿಂದ ಜಾರಿಗೆ ಬಂದಿತು. ಕೊಳವೆ ಬಾವಿ, ನೀರಿನ ಟ್ಯಾಂಕ್, ವಾಲ್ವ್, ಬೀದಿ ದೀಪ ಮೊದಲಾದ ಆಸ್ತಿಗಳ ಸ್ಥಳವನ್ನು ಗುರುತಿಸಿಡುವುದೂ ಈಗ ಸಾಮಾನ್ಯ. ಸರ್ವೆ ನಂಬರ್ ತಿಳಿಯಲು ನಮ್ಮಲ್ಲಿ ಹಲವರು ದಿಶಾಂಕ್ ಆ್ಯಪ್ ತೆರೆಯುತ್ತೇವೆ. ಈ ಎಲ್ಲ ಕೆಲಸಗಳಿಗೂ ಉಪಗ್ರಹ ಸಂಕೇತವನ್ನು ಗ್ರಹಿಸುವ ಸಾಧನ ಬೇಕು. ಅದು ಪ್ರತ್ಯೇಕ ಜಿಪಿಎಸ್ ಸಾಧನವಾಗಿರಬಹುದು ಅಥವಾ ಮೊಬೈಲ್ ಫೋನ್ ಆಗಿರಬಹುದು. ಅದನ್ನು ಹೊತ್ತು ಹಳ್ಳಿಯಿಂದ ಹಳ್ಳಿಗೆ ಹೋಗುವ ವಾಹನವು ಬಹುತೇಕ ಸಿಬ್ಬಂದಿಯ ಸ್ವಂತ ಮೋಟಾರ್‌ಸೈಕಲ್ಲೇ ಆಗಿರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಸಾಧನದ ಬ್ಯಾಟರಿ ಖಾಲಿಯಾಗುವುದು ಎಲ್ಲರ ಅನುಭವ. ಆಗ ಹೊಳೆಯುವ ಸುಲಭ ಉಪಾಯವೆಂದರೆ, ಬೈಕಿನ ಬ್ಯಾಟರಿಯಿಂದಲೇ ಎರಡು ತಂತಿ ಎಳೆದು ಚಾರ್ಜಿಂಗ್‌ಗೆ ವ್ಯವಸ್ಥೆ ಮಾಡಿಕೊಳ್ಳುವುದು. ಉಪಾಯ ಸರಿಯಾದುದೇ. ಆದರೆ ಆ ಎರಡು ತಂತಿಗಳನ್ನು ಎಲ್ಲಿಂದ, ಯಾವುದರ ಮೂಲಕ, ಹೇಗೆ ಎಳೆಯಬೇಕೆಂಬುದನ್ನು ಅರಿಯದೆ ಮಾಡಿದರೆ ಅಪಾಯ ತಪ್ಪಿದ್ದಲ್ಲ. ಈ ಪಾಠದ ಉದ್ದೇಶ ಸದಸ್ಯರನ್ನು ಮೆಕ್ಯಾನಿಕ್ ಮಾಡುವುದಲ್ಲ. ಇಂತಹ ಜೋಡಣೆಯ ಬಿಲ್ಲು ಸಭೆಯ ಮುಂದೆ ಬಂದಾಗ ಕೇಳಬೇಕಾದ ಪ್ರಶ್ನೆಗಳನ್ನು ಕೇಳುವಂತಾಗಲಿ, ತಮ್ಮ ಸ್ವಂತ ವಾಹನದಲ್ಲಿಯೂ ತಪ್ಪು ನಡೆಯದಿರಲಿ ಎಂಬುದೇ ಇದರ ಆಶಯ.

1. ಒಂದು ತಪ್ಪಿನ ವೃತ್ತಾಂತ

ಈ ಪಾಠವನ್ನು ಬರೆಯಲು ನನಗಿರುವ ಅರ್ಹತೆ ನನ್ನ ಇಂಜಿನಿಯರಿಂಗ್ ಪದವಿಯಲ್ಲ, ನಾನೇ ಮಾಡಿದ ಒಂದು ತಪ್ಪು. ಸೇವೆಗೆ ಸೇರಿದ ಎರಡನೆಯ ವರ್ಷ ನಾನು ಮಲೆನಾಡಿನ ಒಂದು ಪಂಚಾಯತಿಯಲ್ಲಿದ್ದೆ. ಕುಡಿಯುವ ನೀರಿನ ಕೊಳವೆ ಮಾರ್ಗದ ವಾಲ್ವ್‌ಗಳ ಸ್ಥಳಗಳನ್ನು ಗುರುತಿಸುವ ಕೆಲಸ ನಡೆದಿತ್ತು. ಯಾವ ವಾಲ್ವ್ ಯಾವ ತೋಟದ ಅಂಚಿನಲ್ಲಿ ಹೂತಿದೆಯೆಂಬುದನ್ನು ಬಲ್ಲವರು ನಮ್ಮ ನೀರುಗಂಟಿ ಒಬ್ಬರೇ. ಅವರ ಬೈಕಿಗೆ ಜಿಪಿಎಸ್ ಸಾಧನವನ್ನು ಅಳವಡಿಸಿಕೊಡುವ ಹೊಣೆಯನ್ನು ನಾನೇ ವಹಿಸಿಕೊಂಡೆ. ಕಚೇರಿಯಲ್ಲಿದ್ದ ತೆಳು ತಂತಿಯನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ನೇರವಾಗಿ ಜೋಡಿಸಿ, ಪೆಟ್ರೋಲ್ ಟ್ಯಾಂಕಿನ ಕೆಳಗಿನಿಂದ ಹ್ಯಾಂಡಲ್‌ವರೆಗೆ ತಂದೆ. ಫ್ಯೂಸ್ ಹಾಕಲಿಲ್ಲ. ‘ಸಾಧನಕ್ಕೆ ಬೇಕಾಗಿರುವುದೇ ಐದು ವ್ಯಾಟ್, ಇಷ್ಟಕ್ಕೆ ಫ್ಯೂಸ್ ಏಕೆ?’ ಎಂಬುದು ನನ್ನ ತರ್ಕವಾಗಿತ್ತು.

ಮೂರು ವಾರ ಎಲ್ಲವೂ ಸರಿಯಾಗಿ ನಡೆಯಿತು. ಹ್ಯಾಂಡಲ್ ತಿರುಗಿದಾಗಲೆಲ್ಲ ಆ ತಂತಿ ಚಾಸಿಸ್ಸಿನ ಅಂಚಿಗೆ ಉಜ್ಜುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಒಂದು ದಿನ ಮಳೆಯಲ್ಲಿ, ಏರುದಾರಿಯ ತಿರುವಿನಲ್ಲಿ, ಹೊದಿಕೆ ಸವೆದು ತಾಮ್ರವು ಕಬ್ಬಿಣಕ್ಕೆ ತಗುಲಿತು. ಟ್ಯಾಂಕಿನ ಕೆಳಗಿನಿಂದ ಹೊಗೆ ಎದ್ದಿತು. ನೀರುಗಂಟಿಯವರು ತಕ್ಷಣ ಕೀಲಿ ತಿರುಗಿಸಿ ಬೈಕನ್ನು ಆರಿಸಿದರು. ಹೊಗೆ ನಿಲ್ಲಲಿಲ್ಲ. ನಾನು ಜೋಡಿಸಿದ್ದ ತಂತಿ ಕೀಲಿಯ ಹಿಡಿತದಲ್ಲಿಯೇ ಇರಲಿಲ್ಲ. ಮೇಲೆ ಪೆಟ್ರೋಲ್ ಇದೆಯೆಂಬ ಭಯದಿಂದ ಅವರು ಬರಿಗೈಯಲ್ಲೇ ತಂತಿಯನ್ನು ಹಿಡಿದು ಕಿತ್ತರು. ಕರಗಿದ ಪ್ಲಾಸ್ಟಿಕ್ ಅಂಗೈಗೆ ಅಂಟಿಕೊಂಡಿತು. ಬೈಕು ಉಳಿಯಿತು, ಜೀವವೂ ಉಳಿಯಿತು. ಆದರೆ ಹಲವು ದಿನ ಅವರು ವಾಲ್ವ್ ತಿರುಗಿಸಲಾಗಲಿಲ್ಲ.

‘ಸಾರ್, ಆಫ್ ಮಾಡಿದ್ರೂ ಯಾಕೆ ಆಫ್ ಆಗ್ಲಿಲ್ಲ?’ ಎಂದು ಅವರು ಆಸ್ಪತ್ರೆಯಿಂದ ಮರಳಿದ ಮೇಲೆ ಕೇಳಿದರು. ಈ ಪಾಠವು ಆ ಪ್ರಶ್ನೆಗೆ ಉತ್ತರ.

2. ಸಾಧನಕ್ಕೆ ನಿರಂತರ ವಿದ್ಯುತ್ತು ಏಕೆ ಬೇಕು

ಜಿಪಿಎಸ್ ಸಾಧನವು ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ, ಕೇವಲ ಆಲಿಸುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಸ್ಥಾನವನ್ನೂ ಸಮಯವನ್ನೂ ಸಾರುತ್ತಿರುತ್ತವೆ. ಕನಿಷ್ಠ 4 ಉಪಗ್ರಹಗಳ ಸಂಕೇತ ದೊರೆತಾಗ ಸಾಧನವು ತಾನೆಲ್ಲಿರುವೆನೆಂಬುದನ್ನು ಲೆಕ್ಕ ಹಾಕುತ್ತದೆ. ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಉಪಗ್ರಹಗಳು ಇನ್ನೂ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಇಸ್ರೋದ ನ್ಯಾವಿಗೇಷನ್ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿ 2013ರಿಂದ ಕಾರ್ಯನಿರ್ವಹಿಸುತ್ತಿದೆ.

ಜಿಪಿಎಸ್ ಉಪಗ್ರಹವೊಂದು ತನ್ನ ಪಥದ ನಿಖರ ವಿವರವನ್ನು ಪ್ರತಿ 30 ಸೆಕೆಂಡಿಗೊಮ್ಮೆ ಬಿತ್ತರಿಸುತ್ತದೆ. ಆ ವಿವರ ಪೂರ್ಣವಾಗಿ ಸಿಗುವವರೆಗೆ ಸಾಧನವು ಸ್ಥಳವನ್ನು ಸರಿಯಾಗಿ ಹೇಳಲಾರದು. ಎಲ್ಲ ಉಪಗ್ರಹಗಳ ಸಾಮಾನ್ಯ ಪಟ್ಟಿಯನ್ನು ಹೊಸದಾಗಿ ಪಡೆಯಬೇಕಾದರೆ 12.5 ನಿಮಿಷ ಬೇಕು. ಮೊಬೈಲ್ ನೆಟ್‌ವರ್ಕ್ ಇರುವ ಕಡೆ ಫೋನು ಈ ವಿವರಗಳನ್ನು ಅಂತರ್ಜಾಲದಿಂದ ಕ್ಷಣದಲ್ಲಿ ಪಡೆದುಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದ ಕಾಡಿನಂಚಿನಲ್ಲಿ ಉಪಗ್ರಹದಿಂದಲೇ ಪಡೆಯಬೇಕು. ಅಡಿಕೆ ತೋಟದ ನೆರಳಿನಲ್ಲಿ ಸಂಕೇತ ಮಧ್ಯೆ ಮಧ್ಯೆ ಕಡಿದು ಹೋಗುವುದರಿಂದ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ.

ಆದುದರಿಂದ ದಾರಿಯಲ್ಲಿ ಸಾಧನ ಆರಿ, ಸ್ಥಳ ತಲುಪಿದ ಮೇಲೆ ಪುನಃ ಚಾಲೂ ಮಾಡಿ, ಆತುರದಲ್ಲಿ ಛಾಯಾಚಿತ್ರ ತೆಗೆದರೆ ಸ್ಥಳ ತಪ್ಪಾಗಿ ದಾಖಲಾಗುವ ಸಂಭವವಿದೆ. ಚೆಕ್ ಡ್ಯಾಮ್ ಹಳ್ಳದಲ್ಲಿದ್ದು ನಕ್ಷೆಯಲ್ಲಿ ಪಕ್ಕದ ಗುಡ್ಡದ ಮೇಲೆ ಕಾಣಿಸಿದರೆ, ಅದನ್ನು ಸರಿಪಡಿಸಲು ಮತ್ತೊಮ್ಮೆ ಅದೇ ಹಳ್ಳಕ್ಕೆ ಇಳಿಯಬೇಕು. ಸವಾರಿಯುದ್ದಕ್ಕೂ ಸಾಧನವನ್ನು ಚಾಲನೆಯಲ್ಲಿಡುವುದರ ಪ್ರಯೋಜನ ಇದೇ.

3. ಬೈಕಿನ ವಿದ್ಯುತ್ ವ್ಯವಸ್ಥೆ: ಕೆರೆಯ ಹೋಲಿಕೆ

ಮೋಟಾರ್‌ಸೈಕಲ್ಲಿನ ವಿದ್ಯುತ್ ವ್ಯವಸ್ಥೆಯನ್ನು ನಮ್ಮ ಊರ ಕೆರೆಗೆ ಹೋಲಿಸಬಹುದು. ಕೆರೆಗೆ ನೀರು ತರುವ ಹಳ್ಳದಂತೆ ಇಂಜಿನ್ನಿನ ಬದಿಯಲ್ಲಿರುವ ಮ್ಯಾಗ್ನೆಟ್ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಇಂಜಿನ್ ವೇಗವಾಗಿ ತಿರುಗಿದಷ್ಟೂ ಹರಿವು ಹೆಚ್ಚು. ಐಡಲಿಂಗ್‌ನಲ್ಲಿ ಬೇಸಿಗೆಯ ಹಳ್ಳದಂತೆ ಸಣ್ಣ ಧಾರೆ. ಬ್ಯಾಟರಿಯು ಕೆರೆ. ಹೆಚ್ಚಾದ ನೀರು ಕೋಡಿ ಹರಿದು ಹೋಗುವಂತೆ, ಹೆಚ್ಚುವರಿ ವಿದ್ಯುತ್ತು ಬ್ಯಾಟರಿಯನ್ನು ಕೆಡಿಸದಂತೆ ತಡೆಯುವುದು ಮೆಕ್ಯಾನಿಕ್‌ಗಳು ಆರ್.ಆರ್. ಯೂನಿಟ್ ಎಂದು ಕರೆಯುವ ಭಾಗ. ಅನೇಕ ಬೈಕುಗಳಲ್ಲಿ ಈ ಭಾಗವು ಹೆಚ್ಚುವರಿಯನ್ನು ಶಾಖವಾಗಿ ಹೊರಹಾಕುತ್ತದೆ, ಆದ್ದರಿಂದಲೇ ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿಗಳಿರುತ್ತವೆ. ಮ್ಯಾಗ್ನೆಟ್ಟಿನ ಎಸಿ ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿಸಿ ವಿದ್ಯುತ್ತಾಗಿ ಬದಲಿಸುವುದೂ ಅದೇ ಭಾಗ. ಇಗ್ನಿಷನ್ ಕೀಲಿಯು ತೂಬು. ತಂತಿಗಳು ಕಾಲುವೆಗಳು.

ನೀರಿನ ಮಟ್ಟವನ್ನು ಅಳೆಯುವಂತೆ ಬ್ಯಾಟರಿಯ ಮಟ್ಟವನ್ನು ವೋಲ್ಟ್‌ನಲ್ಲಿ ಅಳೆಯಬಹುದು. ತುಂಬಿದ 12 ವೋಲ್ಟ್ ಬ್ಯಾಟರಿಯು ಬೈಕು ನಿಂತಿರುವಾಗ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗಿಂತ ಕೆಳಗಿಳಿದರೆ ಅದು ಬಹುತೇಕ ಖಾಲಿ. ಬೈಕು ಓಡುತ್ತಿರುವಾಗ ಸಾಮಾನ್ಯವಾಗಿ 14ರ ಆಸುಪಾಸಿನಲ್ಲಿರುತ್ತದೆ. ಸಣ್ಣ ಬೈಕುಗಳ ಬ್ಯಾಟರಿಯ ಸಾಮರ್ಥ್ಯ ಹೆಚ್ಚಾಗಿ 3ರಿಂದ 5 ಆಂಪಿಯರ್-ಗಂಟೆ ಮಾತ್ರ. ಇದು ಕೆರೆಯಲ್ಲ, ಕಟ್ಟೆ ಎಂದರೂ ಸರಿಯೇ.

ಈ ಹೋಲಿಕೆಗೆ ಒಂದು ಮಿತಿಯುಂಟು. ಕಾಲುವೆ ಒಡೆದರೆ ನೀರು ವ್ಯರ್ಥವಾಗುತ್ತದೆ, ಅಷ್ಟೇ. ತಂತಿ ಅಡ್ಡದಾರಿಯಲ್ಲಿ ಚಾಸಿಸ್ಸಿಗೆ ತಗುಲಿದರೆ ಬೆಂಕಿ ಹೊತ್ತುತ್ತದೆ. ಆದುದರಿಂದಲೇ ಕೆರೆಗೆ ಬೇಡವಾದ ಒಂದು ವಸ್ತು, ಫ್ಯೂಸ್, ಬೈಕಿಗೆ ಬೇಕು.

4. ಎಷ್ಟು ವಿದ್ಯುತ್ತು ಬೇಕು

ಸಾಮಾನ್ಯ ಜಿಪಿಎಸ್ ಸಾಧನವು 5 ವೋಲ್ಟಿನಲ್ಲಿ ಸುಮಾರು 1 ಆಂಪಿಯರ್ ಬಳಸುತ್ತದೆಂದು ಭಾವಿಸೋಣ. ಅಂದರೆ 5 ವ್ಯಾಟ್. ನಕ್ಷೆ ತೆರೆದಿಟ್ಟು ಚಾರ್ಜ್ ಕೂಡ ಆಗುತ್ತಿರುವ ಮೊಬೈಲ್ ಫೋನಿಗೆ 10 ವ್ಯಾಟ್ ಎಂದಿಟ್ಟುಕೊಳ್ಳೋಣ. ನಡುವೆ ಇರುವ ಪರಿವರ್ತಕದಲ್ಲಿ ಸ್ವಲ್ಪ ನಷ್ಟವಾಗುವುದರಿಂದ, 10 ವ್ಯಾಟ್ ಕೊಡಲು ಬ್ಯಾಟರಿಯಿಂದ ಸುಮಾರು 12 ವ್ಯಾಟ್ ಪಡೆಯಬೇಕಾಗುತ್ತದೆ. 12 ವೋಲ್ಟಿನಲ್ಲಿ ಇದು 1 ಆಂಪಿಯರ್.

ಹೆಡ್‌ಲೈಟ್ ಬಲ್ಬು 35 ವ್ಯಾಟ್ ಬಳಸುವ ಬೈಕಿನಲ್ಲಿ ಈ 12 ವ್ಯಾಟ್ ಚಿಕ್ಕದಾಗಿ ಕಾಣಬಹುದು. ಆದರೆ 2017ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಚಾಲೂ ಇರುವಷ್ಟು ಹೊತ್ತು ಹೆಡ್‌ಲೈಟ್ ಹಗಲಿನಲ್ಲಿಯೂ ಉರಿಯುತ್ತದೆ. ಎಂದರೆ ಹರಿವಿನ ಒಂದು ಭಾಗ ಮೊದಲೇ ಹಂಚಿಕೆಯಾಗಿದೆ. ಹೆದ್ದಾರಿಯ ವೇಗದಲ್ಲಿ ಚಿಂತೆಯಿಲ್ಲ. ಕೆಸರಿನ ದಾರಿಯಲ್ಲಿ ಮೊದಲ ಗೇರಿನಲ್ಲಿ ತೆವಳುವಾಗ, ಸ್ಥಳಗಳಲ್ಲಿ ಐಡಲಿಂಗ್‌ನಲ್ಲಿ ನಿಲ್ಲಿಸುವಾಗ ಬ್ಯಾಟರಿ ಕರಗತೊಡಗಬಹುದು. ನಮ್ಮ ಸಿಬ್ಬಂದಿಯ ಸವಾರಿ ಬಹುಪಾಲು ಎರಡನೆಯ ಬಗೆಯದು.

ಇಂಜಿನ್ ಆರಿಸಿ, ಸಾಧನವನ್ನು ಮಾತ್ರ ಚಾಲೂ ಇಟ್ಟರೆ ಏನಾಗುತ್ತದೆ? 3 ಆಂಪಿಯರ್-ಗಂಟೆಯ ಬ್ಯಾಟರಿಯಿಂದ 1 ಆಂಪಿಯರ್ ಪಡೆದರೆ ಲೆಕ್ಕದ ಪ್ರಕಾರ 3 ಗಂಟೆ ಬರಬೇಕು. ವಾಸ್ತವದಲ್ಲಿ ಅರ್ಧ ಖಾಲಿಯಾಗುವ ಹೊತ್ತಿಗೇ, ಅಂದರೆ ಒಂದೂವರೆ ಗಂಟೆಯಲ್ಲಿ, ಸೆಲ್ಫ್ ಸ್ಟಾರ್ಟ್ ಕೈಕೊಡುವ ಸಾಧ್ಯತೆಯಿದೆ. ಕಿಕ್ಕರ್ ಇಲ್ಲದ ಬೈಕಾದರೆ ತಳ್ಳುವುದೇ ಗತಿ.

5. ಮೊದಲು ಯೋಚಿಸಬೇಕಾದುದು: ತಂತಿ ಬೇಕೇ?

ಎಲ್ಲ ಬೈಕಿಗೂ ಹೊಸ ತಂತಿ ಅಗತ್ಯವಿಲ್ಲ. ಈಚಿನ ಅನೇಕ ಮಾದರಿಗಳಲ್ಲಿ ಕಂಪನಿಯೇ ಯುಎಸ್‌ಬಿ ಕಿಂಡಿಯನ್ನು ಒದಗಿಸಿರುತ್ತದೆ. ಅದಿದ್ದರೆ ಅದನ್ನೇ ಬಳಸತಕ್ಕದ್ದು. ತಿಂಗಳಿಗೆ ಎರಡು-ಮೂರು ದಿನ ಮಾತ್ರ ಕ್ಷೇತ್ರ ಕೆಲಸವಿದ್ದರೆ ಪವರ್ ಬ್ಯಾಂಕ್ ಸಾಕು. 10,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕಿನಲ್ಲಿ ಸುಮಾರು 37 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ನಷ್ಟ ಕಳೆದರೂ 5 ವ್ಯಾಟ್ ಸಾಧನವು ಅದರಿಂದ ಸುಮಾರು 6 ಗಂಟೆ ನಡೆಯುತ್ತದೆ. ಪ್ರತಿದಿನ ಸುತ್ತುವ ಸಿಬ್ಬಂದಿಗೆ ಮಾತ್ರ ಖಾಯಂ ಜೋಡಣೆಯ ಅಗತ್ಯ ಬರುತ್ತದೆ.

ವಿದ್ಯುತ್ ಚಾಲಿತ ದ್ವಿಚಕ್ರ ವಾಹನಗಳ ಮುಖ್ಯ ಬ್ಯಾಟರಿ ಹೆಚ್ಚಿನ ವೋಲ್ಟಿನದು. ಅದಕ್ಕೆ ಯಾವ ಕಾರಣಕ್ಕೂ ಹೊರಗಿನ ತಂತಿಯನ್ನು ಜೋಡಿಸಬಾರದು.

6. 12ರಿಂದ 5 ವೋಲ್ಟಿಗೆ ಇಳಿಸುವುದು

ಬಹುತೇಕ ಸಾಧನಗಳಿಗೆ ಬೇಕಾಗಿರುವುದು 5 ವೋಲ್ಟ್. ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಕೊಟ್ಟರೆ ಸಾಧನ ಆ ಕ್ಷಣವೇ ಸುಟ್ಟುಹೋಗಬಹುದು. ನಡುವೆ ವೋಲ್ಟೇಜ್ ಇಳಿಸುವ ಡಿಸಿ ಪರಿವರ್ತಕ ಇರಲೇಬೇಕು. ಮಾರುಕಟ್ಟೆಯಲ್ಲಿ ಬೈಕ್ ಯುಎಸ್‌ಬಿ ಚಾರ್ಜರ್ ಎಂದು ಸಿಗುವುದು ಇದೇ.

ಪರಿವರ್ತಕಗಳಲ್ಲಿ ಎರಡು ಬಗೆ. ಹೆಚ್ಚುವರಿ ವೋಲ್ಟನ್ನು ಶಾಖವಾಗಿ ಸುಡುವ ಹಳೆಯ ಬಗೆಯದು ಒಂದು. 14 ವೋಲ್ಟನ್ನು 5ಕ್ಕೆ ಇಳಿಸಿ 1 ಆಂಪಿಯರ್ ಕೊಡುವಾಗ ಅದು 9 ವ್ಯಾಟ್ ಶಾಖ ಉಗುಳುತ್ತದೆ. ಸಾಧನಕ್ಕೆ ತಲುಪುವುದಕ್ಕಿಂತ ವ್ಯರ್ಥವಾಗುವುದೇ ಹೆಚ್ಚು. ಸ್ವಿಚಿಂಗ್ ಬಗೆಯ ಪರಿವರ್ತಕವು ಈ ನಷ್ಟವನ್ನು ಬಹಳಷ್ಟು ತಪ್ಪಿಸುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಮಾಹಿತಿಯಲ್ಲಿ ಎರಡು ಸಂಗತಿಗಳನ್ನು ನೋಡಬೇಕು. ಒಳಬರುವ ವೋಲ್ಟೇಜ್‌ನ ಮಿತಿ ಕನಿಷ್ಠ 24 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿರಬೇಕು. ಬ್ಯಾಟರಿಯ ಟರ್ಮಿನಲ್ ಸಡಿಲವಾದಾಗ ಬೈಕಿನ ವೋಲ್ಟೇಜ್ ಇದ್ದಕ್ಕಿದ್ದಂತೆ ಏರುವುದುಂಟು. ಎರಡನೆಯದಾಗಿ, ನೀರು ಒಳಹೋಗದ ರಚನೆಯಿರಬೇಕು.

7. ಫ್ಯೂಸ್ ಕಾಯುವುದು ಯಾವುದನ್ನು?

ಇದು ಈ ಪಾಠದ ಮುಖ್ಯ ಭಾಗ. ಫ್ಯೂಸ್ ಇರುವುದು ಸಾಧನವನ್ನು ಕಾಯಲು ಎಂದು ನಾನು ತಿಳಿದಿದ್ದೆ, ಇಂದಿಗೂ ಅನೇಕರು ಹಾಗೆಯೇ ತಿಳಿದಿದ್ದಾರೆ. ಅದು ತಪ್ಪು. ಫ್ಯೂಸ್ ಕಾಯುವುದು ತಂತಿಯನ್ನು, ತಂತಿಯ ಮೂಲಕ ವಾಹನವನ್ನು, ವಾಹನದ ಮೇಲೆ ಕುಳಿತ ಮನುಷ್ಯನನ್ನು.

ಸಾಧನಕ್ಕೆ ಬೇಕಾದುದು 1 ಆಂಪಿಯರ್ ನಿಜ. ಆದರೆ ತಂತಿಯು ನಡುದಾರಿಯಲ್ಲಿ ಚಾಸಿಸ್ಸಿಗೆ ತಗುಲಿದಾಗ ವಿದ್ಯುತ್ತು ಸಾಧನದವರೆಗೆ ಹೋಗುವುದೇ ಇಲ್ಲ. ಆಗ ಹರಿವನ್ನು ನಿರ್ಧರಿಸುವುದು ಸಾಧನವಲ್ಲ, ಬ್ಯಾಟರಿ. ಸ್ಟಾರ್ಟರ್ ಮೋಟಾರನ್ನು ತಿರುಗಿಸಬಲ್ಲ ಬ್ಯಾಟರಿಯು ಹತ್ತಾರು ಆಂಪಿಯರ್‌ಗಳನ್ನು ಒಮ್ಮೆಲೇ ಹರಿಸಬಲ್ಲದು. 0.75 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ಒಂದು ಮೀಟರಿಗೆ ಸುಮಾರು 0.023 ಓಮ್ ರೋಧವಿರುತ್ತದೆ. ಅದರಲ್ಲಿ 50 ಆಂಪಿಯರ್ ಹರಿದರೆ ಆ ಒಂದು ಮೀಟರಿನಲ್ಲಿ ಸುಮಾರು 58 ವ್ಯಾಟ್ ಶಾಖ ಹುಟ್ಟುತ್ತದೆ. ಪೆನ್ಸಿಲಿಗಿಂತ ತೆಳುವಾದ ತಂತಿ ಅದನ್ನು ತಾಳಲಾರದು. ಹೊದಿಕೆ ಕರಗುತ್ತದೆ, ಪಕ್ಕದ ತಂತಿಗಳ ಹೊದಿಕೆಯೂ ಕರಗುತ್ತದೆ.

ಬೈಕಿನಲ್ಲಿ ಮೊದಲೇ ಒಂದು ಫ್ಯೂಸ್ ಇದೆಯಲ್ಲವೇ ಎಂದು ಕೇಳಬಹುದು. ಇದೆ. ಆದರೆ ಅದು ಬೈಕಿನ ಮೂಲ ವೈರಿಂಗ್‌ಗೆ ಸಂಬಂಧಿಸಿದುದು. ನಾವು ಬ್ಯಾಟರಿಯ ಟರ್ಮಿನಲ್ಲಿನಿಂದಲೇ ಹೊಸ ತಂತಿ ಎಳೆದಾಗ ಆ ಫ್ಯೂಸನ್ನೂ ಕೀಲಿಯನ್ನೂ ಬದಿಗಿಟ್ಟು ಬೇರೊಂದು ಕಾಲುವೆಯನ್ನು ತೋಡಿದಂತೆ. ತೂಬು ಮುಚ್ಚಿದರೂ ಆ ಕಾಲುವೆ ಹರಿಯುತ್ತಲೇ ಇರುತ್ತದೆ. ನೀರುಗಂಟಿಯವರ ಪ್ರಶ್ನೆಗೆ ಇದೇ ಉತ್ತರ.

ಫ್ಯೂಸಿನ ಬಗ್ಗೆ ಮೂರು ನಿಯಮಗಳು:

ಅ) ಸ್ಥಾನ: ಬ್ಯಾಟರಿಯ ಧನ ಟರ್ಮಿನಲ್ಲಿಗೆ ಸಾಧ್ಯವಾದಷ್ಟು ಹತ್ತಿರ, ಒಂದು ಗೇಣಿಗಿಂತ ದೂರವಲ್ಲ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ರಕ್ಷಣೆಯೇ ಇಲ್ಲವಾದುದರಿಂದ ಆ ಭಾಗ ಚಿಕ್ಕದಾಗಿರಬೇಕು. ಹ್ಯಾಂಡಲ್ ಬಳಿ ಫ್ಯೂಸ್ ಹಾಕಿದರೆ ಹಾಕದಂತೆಯೇ.

ಆ) ಪ್ರಮಾಣ: ಫ್ಯೂಸಿನ ಪ್ರಮಾಣವು ಸಾಧನದ ಬಳಕೆಗಿಂತ ಹೆಚ್ಚು, ತಂತಿಯ ಸಾಮರ್ಥ್ಯಕ್ಕಿಂತ ಕಡಿಮೆ ಇರಬೇಕು. 1 ಆಂಪಿಯರ್ ಬಳಕೆಗೆ 0.75 ಚದರ ಮಿಲಿಮೀಟರ್ ತಂತಿ, 2 ಅಥವಾ 3 ಆಂಪಿಯರ್ ಫ್ಯೂಸ್ ಸರಿಯಾದ ಜೋಡಿ. ‘ಇರಲಿ’ ಎಂದು 15 ಆಂಪಿಯರ್ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ತಂತಿಯೇ ಸುಡಬಹುದು.

ಇ) ಬದಲಿ: ಫ್ಯೂಸ್ ಹೋದರೆ ಕಾರಣ ಹುಡುಕಿ ಸರಿಪಡಿಸಿ, ಅದೇ ಪ್ರಮಾಣದ ಹೊಸ ಫ್ಯೂಸ್ ಹಾಕತಕ್ಕದ್ದು. ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನಾಗಲಿ, ತಾಮ್ರದ ಎಳೆಯನ್ನಾಗಲಿ ಸುತ್ತಬಾರದು. ಅದು ಕಾವಲುಗಾರನನ್ನು ಕಳುಹಿಸಿ ಬಾಗಿಲು ತೆರೆದಿಟ್ಟಂತೆ.

ಈ ಫ್ಯೂಸ್ ಮತ್ತು ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಗೂಡಿನ ಬೆಲೆ ಹತ್ತಾರು ರೂಪಾಯಿ ಮಾತ್ರ.

8. ಕೀಲಿಯ ಹಿಡಿತಕ್ಕೆ ತರುವುದು

ಫ್ಯೂಸ್ ಇದ್ದರೂ ತಂತಿಯು ಸದಾ ಜೀವಂತವಾಗಿದ್ದರೆ ಮತ್ತೊಂದು ತೊಂದರೆಯಿದೆ. ಸಾಧನವನ್ನು ತೆಗೆದ ಮೇಲೆಯೂ ಪರಿವರ್ತಕ ತಾನು ಸ್ವಲ್ಪ ವಿದ್ಯುತ್ತನ್ನು ಕುಡಿಯುತ್ತಿರುತ್ತದೆ. ಅದು 20 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 0.48 ಆಂಪಿಯರ್-ಗಂಟೆ. 3 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು 6 ದಿನಗಳಲ್ಲಿ ಪೂರ್ತಿ ಬರಿದಾಗುತ್ತದೆ. ಹಬ್ಬದ ರಜೆ ಮುಗಿಸಿ ಬಂದಾಗ ಬೈಕು ಚಾಲೂ ಆಗದಿರುವುದಕ್ಕೆ ಇಷ್ಟೇ ಕಾರಣ ಸಾಕು.

ಆದುದರಿಂದ ಕೀಲಿ ತೆರೆದಾಗ ಮಾತ್ರ ವಿದ್ಯುತ್ತು ಹರಿಯುವಂತೆ ಮಾಡಬೇಕು. ಇದಕ್ಕೆ 4 ಕಾಲುಗಳ 12 ವೋಲ್ಟ್ ರಿಲೇ ಉತ್ತಮ. ಅದರ ಕಾಲುಗಳ ಮೇಲೆ 30, 85, 86, 87 ಎಂಬ ಸಂಖ್ಯೆಗಳು ಅಚ್ಚಾಗಿರುತ್ತವೆ. ಜೋಡಣೆ ಹೀಗೆ:

• ಬ್ಯಾಟರಿಯ ಧನ ಟರ್ಮಿನಲ್ಲಿನಿಂದ ಫ್ಯೂಸಿಗೆ, ಫ್ಯೂಸಿನಿಂದ ರಿಲೇಯ 30ನೇ ಕಾಲಿಗೆ.
• ರಿಲೇಯ 87ನೇ ಕಾಲಿನಿಂದ ಪರಿವರ್ತಕದ ಧನ ತಂತಿಗೆ.
• ಕೀಲಿ ತೆರೆದಾಗ ಮಾತ್ರ 12 ವೋಲ್ಟ್ ಬರುವ ತಂತಿಯಿಂದ, ಉದಾಹರಣೆಗೆ ಹಾರ್ನಿನ ಧನ ತಂತಿಯಿಂದ, 86ನೇ ಕಾಲಿಗೆ.
• 85ನೇ ಕಾಲು ಹಾಗೂ ಪರಿವರ್ತಕದ ಋಣ ತಂತಿ ಬ್ಯಾಟರಿಯ ಋಣ ಟರ್ಮಿನಲ್ಲಿಗೆ.

ಈಗ ಕೀಲಿಯು ರಿಲೇಯನ್ನು ಎಚ್ಚರಿಸುತ್ತದೆ, ರಿಲೇ ಸಾಧನಕ್ಕೆ ದಾರಿ ಬಿಡುತ್ತದೆ. ಕೀಲಿ ಮುಚ್ಚಿದರೆ ಪರಿವರ್ತಕದವರೆಗಿನ ದಾರಿಯೂ ಮುಚ್ಚುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಅನೇಕ ಮಾದರಿಗಳಲ್ಲಿ ಹೆಡ್‌ಲೈಟಿಗೆ ವಿದ್ಯುತ್ತು ಬ್ಯಾಟರಿಯಿಂದ ಬರುವುದಿಲ್ಲ, ಮ್ಯಾಗ್ನೆಟ್ಟಿನಿಂದ ಎಸಿ ರೂಪದಲ್ಲಿ ನೇರವಾಗಿ ಬರುತ್ತದೆ. ಇಂಜಿನ್ ವೇಗಕ್ಕೆ ತಕ್ಕಂತೆ ದೀಪ ಮಂಕಾಗಿ ಪ್ರಖರವಾಗುವುದು ಅದರ ಗುರುತು. ಅಂತಹ ಹೆಡ್‌ಲೈಟ್ ತಂತಿಯಿಂದ ಸಾಧನಕ್ಕಾಗಲಿ ರಿಲೇಗಾಗಲಿ ವಿದ್ಯುತ್ತು ಪಡೆಯಬಾರದು. ಯಾವ ತಂತಿಯನ್ನು ಮುಟ್ಟುವ ಮುನ್ನವೂ ಮಲ್ಟಿಮೀಟರನ್ನು ಡಿಸಿ ಅಳತೆಯಲ್ಲಿಟ್ಟು, ಇಂಜಿನ್ ಆರಿಸಿ, ಕೀಲಿ ತೆರೆದು, ಸ್ಥಿರವಾಗಿ 12 ವೋಲ್ಟ್ ತೋರಿಸುವುದೇ ಎಂದು ಪರೀಕ್ಷಿಸಬೇಕು. ಕೀಲಿ ಮುಚ್ಚಿದಾಗ ಸೊನ್ನೆಗೆ ಇಳಿಯಬೇಕು.

9. ಜೋಡಿಸುವ ಕ್ರಮ ಮತ್ತು ತಂತಿಯ ದಾರಿ

ಕೆಲಸ ಆರಂಭಿಸುವಾಗ ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಬೇಕು, ಮುಗಿಸುವಾಗ ಅದನ್ನು ಕೊನೆಯಲ್ಲಿ ಜೋಡಿಸಬೇಕು. ಬೈಕಿನ ಚಾಸಿಸ್ಸು ಪೂರ್ತಿಯಾಗಿ ಋಣಕ್ಕೆ ಸೇರಿರುವುದರಿಂದ, ಧನ ಟರ್ಮಿನಲ್ಲನ್ನು ಬಿಚ್ಚುವ ಸ್ಪ್ಯಾನರ್ ಚಾಸಿಸ್ಸಿಗೆ ತಗುಲಿದರೆ ಕಿಡಿ ಹಾರುತ್ತದೆ. ಋಣವನ್ನು ಮೊದಲೇ ಬಿಚ್ಚಿದ್ದರೆ ತಗುಲಿದರೂ ಏನೂ ಆಗದು. ಇಂಜಿನ್ ಚಾಲೂ ಇರುವಾಗ ಬ್ಯಾಟರಿಯ ಯಾವ ತಂತಿಯನ್ನೂ ಬಿಚ್ಚಬಾರದು.

ತಂತಿ ಸಾಗುವ ದಾರಿಯನ್ನು ಹೀಗೆ ಆರಿಸಬೇಕು:

• ಇಂಜಿನ್ ಮತ್ತು ಸೈಲೆನ್ಸರಿನ ಶಾಖದಿಂದ ದೂರ, ಬೈಕಿನ ಮೂಲ ವೈರಿಂಗ್ ಜೊತೆಯಲ್ಲಿಯೇ ಸಾಗುವಂತೆ ಇರಲಿ.
• ಹ್ಯಾಂಡಲ್ ತಿರುಗುವ ಕುತ್ತಿಗೆಯ ಬಳಿ ಸಡಿಲವಾಗಿ ಬಿಡಬೇಕು. ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ತಂತಿ ಬಿಗಿಯಾಗುವುದಿಲ್ಲ, ಎಲ್ಲಿಯೂ ಉಜ್ಜುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕು. ನಾನು ನೋಡದೆ ಬಿಟ್ಟದ್ದು ಇದನ್ನೇ.
• ಪೂರ್ತಿ ಉದ್ದಕ್ಕೂ ವೈರಿಂಗ್ ಸ್ಲೀವ್ ತೊಡಿಸಬೇಕು. ಜೋಡಣೆಗಳನ್ನು ಬರೀ ತಿರುಚಿ ಟೇಪು ಸುತ್ತುವುದಲ್ಲ, ಬೆಸುಗೆ ಹಾಕಬೇಕು ಅಥವಾ ಕ್ಲಿಪ್ಪಿನಿಂದ ಒತ್ತಿ ಬಂಧಿಸಬೇಕು.
• ಯುಎಸ್‌ಬಿ ಕಿಂಡಿಯ ಬಾಯಿ ಕೆಳಮುಖವಾಗಿರಲಿ, ಬಳಸದಿರುವಾಗ ರಬ್ಬರ್ ಮುಚ್ಚಳವಿರಲಿ. ತಂತಿ ಕಿಂಡಿಯನ್ನು ಸೇರುವ ಮುನ್ನ ಒಮ್ಮೆ ಕೆಳಗೆ ಬಾಗಿ ಮೇಲೇರಿದರೆ, ಅದರ ಮೇಲೆ ಹರಿದು ಬರುವ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

10. ಪರೀಕ್ಷೆ

ಜೋಡಣೆ ಮುಗಿದ ಮೇಲೆ ಮಲ್ಟಿಮೀಟರನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಹಿಡಿದು ಮೂರು ಬಾರಿ ಓದಿಕೊಳ್ಳಬೇಕು. ಮೊದಲು, ಇಂಜಿನ್ ಆರಿರುವಾಗ. ಎರಡನೆಯದಾಗಿ, ಐಡಲಿಂಗ್‌ನಲ್ಲಿ, ಹೆಡ್‌ಲೈಟ್ ಉರಿಯುತ್ತಾ ಸಾಧನ ಚಾರ್ಜ್ ಆಗುತ್ತಿರುವಾಗ. ಮೂರನೆಯದಾಗಿ, ಸವಾರಿಯ ವೇಗಕ್ಕೆ ಆ್ಯಕ್ಸಿಲರೇಟರ್ ಏರಿಸಿ, ಬ್ರೇಕ್ ದೀಪವನ್ನೂ ಉರಿಸಿದಾಗ. ಮೂರನೆಯ ಅಳತೆ 13 ವೋಲ್ಟಿಗಿಂತ ಸಾಕಷ್ಟು ಮೇಲಿದ್ದರೆ ಬೈಕು ಈ ಭಾರವನ್ನು ಹೊರಬಲ್ಲದು. ಆಗಲೂ 13ರ ಕೆಳಗಿದ್ದರೆ ಬ್ಯಾಟರಿ ತುಂಬುತ್ತಿಲ್ಲವೆಂದರ್ಥ. ಅಂತಹ ಬೈಕಿನಲ್ಲಿ ಖಾಯಂ ಜೋಡಣೆ ಬೇಡ, ಪವರ್ ಬ್ಯಾಂಕ್ ಸಾಕು. ಐಡಲಿಂಗ್‌ನಲ್ಲಿ ಮಾತ್ರ ಇಳಿದರೆ, ಸ್ಥಳದಲ್ಲಿ ನಿಂತಾಗ ಸಾಧನದ ಕೇಬಲ್ ಬಿಚ್ಚಿಡುವ ಅಭ್ಯಾಸ ಮಾಡಿಕೊಂಡರೆ ಸಾಕಾಗುತ್ತದೆ.

ಮಳೆಗಾಲಕ್ಕೆ ಮುನ್ನ ಒಮ್ಮೆ, ನಂತರ ಒಮ್ಮೆ ತಂತಿಯ ಪೂರ್ತಿ ದಾರಿಯನ್ನು ಕೈಯಿಂದ ಸವರಿ ನೋಡತಕ್ಕದ್ದು.

11. ಸವಾರಿಯ ಶಿಸ್ತು

ಸಾಧನವು ಹ್ಯಾಂಡಲ್ಲಿನ ಮೇಲೆ ಭದ್ರವಾಗಿ ಕುಳಿತಿರಬೇಕು, ಕೈಯಲ್ಲಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ, 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಚಾಲಕನು ಇಂತಹ ಸಾಧನವನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಚಾಲನೆಯ ಏಕಾಗ್ರತೆಗೆ ಭಂಗ ಬಾರದಂತೆ ಬಳಸಬಹುದು. ಹಳ್ಳಿಯ ರಸ್ತೆಯಲ್ಲಿ ನಕ್ಷೆಯನ್ನು ನೋಡಬೇಕಾದರೆ ಬದಿಗೆ ನಿಲ್ಲಿಸಿ ನೋಡುವುದೇ ಲೇಸು. ಎದುರಿಗೆ ಬರುವ ದನವನ್ನು ಯಾವ ಉಪಗ್ರಹವೂ ತೋರಿಸುವುದಿಲ್ಲ.

12. ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಚಾರ್ಜರ್ ಅಳವಡಿಕೆಯ ಬಿಲ್ಲು ಕೆಲವೇ ನೂರು ರೂಪಾಯಿಗಳದ್ದಾಗಿರುತ್ತದೆ. ಮೊತ್ತ ಚಿಕ್ಕದೆಂದು ಮುಂದೆ ಸಾಗದೆ ಈ ಕೆಳಗಿನವನ್ನು ಕೇಳಬೇಕೆಂದು ವಿನಂತಿ:

1) ಈ ಬೈಕಿನಲ್ಲಿ ಕಂಪನಿಯ ಯುಎಸ್‌ಬಿ ಕಿಂಡಿ ಇಲ್ಲವೇ? ಪವರ್ ಬ್ಯಾಂಕ್ ಸಾಕಾಗದೇ?
2) ಬಿಲ್ಲಿನಲ್ಲಿ ಫ್ಯೂಸ್ ಮತ್ತು ಫ್ಯೂಸ್ ಗೂಡು ನಮೂದಾಗಿದೆಯೇ? ಎಷ್ಟು ಆಂಪಿಯರಿನದು, ಎಲ್ಲಿ ಹಾಕಲಾಗಿದೆ?
3) ಕೀಲಿ ಮುಚ್ಚಿದರೆ ಚಾರ್ಜರಿಗೆ ವಿದ್ಯುತ್ತು ನಿಲ್ಲುತ್ತದೆಯೇ? ಯಾರು ಪರೀಕ್ಷಿಸಿದರು?
4) ಹ್ಯಾಂಡಲ್ಲನ್ನು ಎರಡೂ ಬದಿಗೆ ತಿರುಗಿಸಿ ನೋಡಲಾಗಿದೆಯೇ?
5) ವೋಲ್ಟೇಜಿನ ಮೂರು ಅಳತೆಗಳನ್ನು ಬರೆದಿಡಲಾಗಿದೆಯೇ?
6) ಬೈಕು ವಾರಂಟಿಯಲ್ಲಿದ್ದರೆ, ಹೊರಗಿನ ಜೋಡಣೆಯಿಂದ ಅದಕ್ಕೆ ಬಾಧೆಯಾಗುವುದೇ ಎಂಬುದನ್ನು ಮಾಲೀಕರಾದ ಸಿಬ್ಬಂದಿಗೆ ತಿಳಿಸಲಾಗಿದೆಯೇ?

ಆರನೆಯ ಪ್ರಶ್ನೆ ಮುಖ್ಯವಾದುದು. ವಾಹನ ಸಿಬ್ಬಂದಿಯದು, ಕೆಲಸ ಪಂಚಾಯತಿಯದು. ನಮ್ಮ ಕೆಲಸಕ್ಕಾಗಿ ಅವರ ವಾಹನಕ್ಕೆ ನಾವು ಕೈಹಾಕುವಾಗ, ಅದರ ಪರಿಣಾಮದ ಹೊಣೆಯೂ ನಮ್ಮದೇ ಆಗುತ್ತದೆ.

ಅಭ್ಯಾಸ

ಒಂದು ಬೈಕಿನ ಬ್ಯಾಟರಿ 5 ಆಂಪಿಯರ್-ಗಂಟೆಯದು. ಚಾರ್ಜರನ್ನು ಕೀಲಿಯ ಹಿಡಿತವಿಲ್ಲದೆ ನೇರವಾಗಿ ಜೋಡಿಸಲಾಗಿದೆ. ಸಾಧನವಿಲ್ಲದಿದ್ದರೂ ಚಾರ್ಜರ್ 25 ಮಿಲಿಆಂಪಿಯರ್ ಬಳಸುತ್ತದೆ. ಬೈಕನ್ನು ಓಡಿಸದೆ ನಿಲ್ಲಿಸಿದರೆ ಬ್ಯಾಟರಿ ಅರ್ಧಕ್ಕೆ ಇಳಿಯಲು ಎಷ್ಟು ದಿನ ಬೇಕು?

ಉತ್ತರ: ದಿನಕ್ಕೆ 25 × 24 = 600 ಮಿಲಿಆಂಪಿಯರ್-ಗಂಟೆ, ಅಂದರೆ 0.6 ಆಂಪಿಯರ್-ಗಂಟೆ. ಅರ್ಧ ಬ್ಯಾಟರಿ 2.5 ಆಂಪಿಯರ್-ಗಂಟೆ. ಆದ್ದರಿಂದ ಸುಮಾರು 4 ದಿನ.

ಕೊನೆಯ ಮಾತು

ಮರುವರ್ಷ ಅದೇ ಪಂಚಾಯತಿಯಲ್ಲಿ ಮೂವರು ಸಿಬ್ಬಂದಿಯ ಬೈಕುಗಳಿಗೆ ಮೇಲೆ ವಿವರಿಸಿದ ಕ್ರಮದಲ್ಲಿ ಜೋಡಣೆ ಮಾಡಿಸಿದೆವು. ಕೆಲಸ ಮಾಡಿದವರು ಊರಿನ ಮೆಕ್ಯಾನಿಕ್. ಪಕ್ಕದಲ್ಲಿ ನಿಂತು ‘ಫ್ಯೂಸ್ ಎಲ್ಲಿ ಹಾಕಿದ್ದೀಯ, ತೋರಿಸು’ ಎಂದು ಪ್ರತಿಯೊಂದನ್ನೂ ನೋಡಿದವರು ನಮ್ಮ ನೀರುಗಂಟಿ. ಆ ಪ್ರಶ್ನೆಯನ್ನು ಕೇಳಲು ಯಾರ ಅಂಗೈಯೂ ಸುಡಬೇಕಾಗಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಇದನ್ನು ಚರ್ಚಿಸಿ, ತಮ್ಮ ವ್ಯಾಪ್ತಿಯ ಸಿಬ್ಬಂದಿಯ ವಾಹನಗಳಲ್ಲಿ ಈಗಾಗಲೇ ಇರುವ ಇಂತಹ ಜೋಡಣೆಗಳನ್ನು ಒಮ್ಮೆ ಪರಿಶೀಲಿಸುವಂತೆ ಕೋರುತ್ತೇನೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ